ಫುಟ್‌ಬಾಲ್ ಮೇಷ್ಟ್ರು ರಹೀಮ್ ಸಾಹೇಬರು

ಹೋದ ವರ್ಷದ ಅಂತರಶಾಲಾ ಫುಟ್‌ಬಾಲ್ ಪಂದ್ಯದಲ್ಲಿ ನಮ್ಮ ಶಾಲೆಯ ಹುಡುಗರು ಸೋತದ್ದನ್ನು ನೀವೆಲ್ಲರೂ ಬಲ್ಲಿರಿ. ಸೋಲು ನಮಗೆ ಹೊಸದಲ್ಲ. ಆದರೆ ಆ ದಿನದ ಸೋಲಿನ ಬಗೆಯೇ ಬೇರೆ. ಎದುರಾಳಿ ಶಾಲೆಯವರು ಮೊದಲ ಹತ್ತು ನಿಮಿಷಗಳಲ್ಲೇ ನಮ್ಮವರ ಬಲವನ್ನು ಅಳೆದು, ಒಬ್ಬನೇ ಒಬ್ಬ ಹುಡುಗನನ್ನು ನಡುಗೆರೆಯ ಹತ್ತಿರ ಬಿಟ್ಟು, ಉಳಿದವರೆಲ್ಲರೂ ತಮ್ಮ ಗೋಲಿನ ಮುಂದೆ ಒತ್ತಾಗಿ ನಿಂತುಬಿಟ್ಟರು. ನಮ್ಮವರು ಚೆಂಡನ್ನು ಕೊಂಡುಹೋಗಿ ಆ ಗುಂಪಿನೊಳಕ್ಕೇ ಒದೆದರು. ಅದು ಯಾವನದೋ ಕಾಲಿಗೆ, ಬೆನ್ನಿಗೆ ತಗುಲಿ ಹಿಂದಕ್ಕೆ ಬಂತು. ಮತ್ತೆ ಒದೆದರು, ಮತ್ತೆ ಹಿಂದಕ್ಕೆ ಬಂತು. ಆಟದ ಮುಕ್ಕಾಲು ಪಾಲು ಹೊತ್ತು ಚೆಂಡು ನಮ್ಮವರ ಕಾಲಿನಲ್ಲೇ ಇತ್ತು. ಕೊನೆಗೆ ಬೇಸತ್ತು ನಮ್ಮ ಇಬ್ಬರು ಬ್ಯಾಕುಗಳೂ ಮುಂದಕ್ಕೆ ನುಗ್ಗಿದಾಗ, ನಡುಗೆರೆಯ ಬಳಿ ಕಾದಿದ್ದ ಆ ಒಬ್ಬ ಹುಡುಗನಿಗೆ ಚೆಂಡು ಸಿಕ್ಕಿತು. ಮುಂದಿನದನ್ನು ಬರೆಯಬೇಕಾಗಿಲ್ಲ. ಒಂದು ಗೋಲಿನಿಂದ ಸೋತೆವು.

ಹಿಂತಿರುಗುವಾಗ ಬಸ್ಸಿನಲ್ಲಿ ಹತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿ, ಹೀಗೆ ಗೋಡೆ ಕಟ್ಟಿ ನಿಂತವರನ್ನು ಒಡೆಯಲು ಉಪಾಯವೇ ಇಲ್ಲವೇ ಎಂದು ನನ್ನನ್ನು ಕೇಳಿದ. ಅವನ ಕಣ್ಣಿನಲ್ಲಿ ನೀರಿತ್ತು. ಆಗ ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಆಮೇಲೆ ಯೋಚಿಸುವಾಗ, ಜೀವಮಾನವೆಲ್ಲಾ ಈ ಪ್ರಶ್ನೆಯೊಡನೆ ಬಾಳಿದ ಒಬ್ಬ ಶಾಲಾ ಉಪಾಧ್ಯಾಯರು ನೆನಪಾದರು. ಅವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ಜನರ ಬಾಯಲ್ಲಿ ರಹೀಮ್ ಸಾಹೇಬರು. ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರವನ್ನು ಅವರ ಜೀವನ ಚರಿತ್ರೆಯ ಮೂಲಕ ಈ ಸಂಚಿಕೆಯಲ್ಲಿ ಕೊಡುತ್ತಿದ್ದೇನೆ.

ಅದಕ್ಕೆ ಮೊದಲು ನಮ್ಮ ಸೀಮೆಯದೇ ಒಂದು ಮಾತು. ಕೃಷ್ಣಗಿರಿಯ ಬೆಟ್ಟವನ್ನು ನೋಡದವರು ನಮ್ಮಲ್ಲಿಲ್ಲ. ಸೇಲಂ ಜಿಲ್ಲೆಯಿಂದ 1965ರಲ್ಲಿ ಧರ್ಮಪುರಿ ಬೇರೆಯಾಯಿತು, ಧರ್ಮಪುರಿಯಿಂದ 2004ರಲ್ಲಿ ಕೃಷ್ಣಗಿರಿ ಬೇರೆಯಾಯಿತು. ಜಿಲ್ಲೆಯ ಹೆಸರು ಬದಲಾಗುತ್ತಾ ಬಂದರೂ ಬೆಟ್ಟ ಮಾತ್ರ ಅಲ್ಲೇ ಇದೆ. ಮೂರನೆಯ ಮೈಸೂರು ಯುದ್ಧದಲ್ಲಿ, 1791ರಲ್ಲಿ, ಮ್ಯಾಕ್ಸ್‌ವೆಲ್ ಎಂಬ ಇಂಗ್ಲಿಷ್ ಸೇನಾಧಿಕಾರಿ ಪೆನ್ನಾಗರದ ಕೋಟೆಯನ್ನು ಹಿಡಿದು, ಅದೇ ಹುಮ್ಮಸ್ಸಿನಲ್ಲಿ ನವೆಂಬರ್ ತಿಂಗಳಲ್ಲಿ ಕೃಷ್ಣಗಿರಿಯ ಮೇಲೆ ಬಿದ್ದ. ಕೆಳಗಿನ ಪೇಟೆ ಅವನ ಕೈವಶವಾಯಿತು. ಆದರೆ ಬೆಟ್ಟದ ಮೇಲಿನ ಕೋಟೆಗೆ ನೇರವಾಗಿ ಏರಿಹೋದ ಅವನ ಸೈನಿಕರು ಪೆಟ್ಟು ತಿಂದು ಹಿಂತಿರುಗಬೇಕಾಯಿತು. ಹಾಗೆ ನೇರವಾಗಿ ಏರಿದವರಿಗೆ ದಕ್ಕದ ಆ ಕೋಟೆ, ಮರುವರ್ಷ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಬಿದ್ದು ಒಪ್ಪಂದವಾದಾಗ, ಬಾರಾಮಹಲ್ ಸೀಮೆಯ ಜೊತೆಯಲ್ಲಿ ಇಂಗ್ಲಿಷರ ಪಾಲಿಗೆ ಹೋಯಿತು. ಬಾಗಿಲು ಇಲ್ಲಿ ತೆರೆಯಿತು, ಒತ್ತಡ ಬಿದ್ದದ್ದು ಮತ್ತೊಂದು ಕಡೆ. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿರಿ.

ರಹೀಮರು ಹುಟ್ಟಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಆಗ ಅದು ನಿಜಾಮರ ರಾಜಧಾನಿ. ನಮ್ಮ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳೂ ಅದೇ ರಾಜ್ಯಕ್ಕೆ ಸೇರಿದ್ದವು. ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಅವರು ಪದವಿಯನ್ನು ಪಡೆದರು. ಆ ದಿನಗಳಲ್ಲಿ ಅಲ್ಲಿ ಎಲ್ಲ ವಿಷಯಗಳನ್ನೂ ಉರ್ದುವಿನಲ್ಲೇ ಬೋಧಿಸುತ್ತಿದ್ದರು. ತಮ್ಮ ನುಡಿಯಲ್ಲಿ ಕಲಿತವರು ಹಿಂದೆ ಬೀಳುತ್ತಾರೆಂಬ ಅಂಜಿಕೆ ನಮ್ಮ ಕೆಲವು ತಂದೆತಾಯಿಗಳಿಗೆ ಇರುವುದರಿಂದ ಇದನ್ನು ಹೇಳಿದೆ. ಕಾಲೇಜಿನಲ್ಲಿ ಅವರು ಒಳ್ಳೆಯ ಆಟಗಾರರೆನಿಸಿಕೊಂಡಿದ್ದರು. ಆಮೇಲೆ ಕಾಚಿಗುಡದ ಮಿಡ್ಲ್ ಸ್ಕೂಲಿನಲ್ಲಿ ಉಪಾಧ್ಯಾಯರಾದರು. ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಮಾಡಿಕೊಂಡು ದಾರುಲ್ ಉಲೂಮ್ ಮತ್ತು ಚಾದರ್‌ಘಾಟ್ ಪ್ರೌಢಶಾಲೆಗಳಲ್ಲಿ ಹುಡುಗರ ಆಟಪಾಟಗಳನ್ನು ನೋಡಿಕೊಂಡರು. ಮುಂದೆ ಭಾರತದ ತಂಡವನ್ನು ಕಡಲಾಚೆಗೆ ಕರೆದೊಯ್ದವರು ಹೀಗೆ ಸೀಟಿ ಹಿಡಿದು ಶಾಲೆಯ ಬಯಲಿನಲ್ಲಿ ನಿಂತ ಮೇಷ್ಟ್ರೇ. ಮಕ್ಕಳಿಗೆ ಕಲಿಸುವ ಕ್ರಮದಲ್ಲೇ ಅವರು ದೊಡ್ಡ ಆಟಗಾರರಿಗೂ ಕಲಿಸಿದರು. ಅವರ ಹಿರಿಮೆಯ ಗುಟ್ಟು ಇದರಲ್ಲೇ ಇದೆಯೆಂದು ನನ್ನ ಎಣಿಕೆ.

1940ರ ದಶಕದ ಮೊದಲಲ್ಲಿ ಅವರು ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ಹೈದರಾಬಾದ್ ನಗರ ಪೊಲೀಸ್ ತಂಡವೂ ಅವರ ಕೈಗೆ ಬಂತು. ಆ ಪೊಲೀಸರು 1950ರಿಂದ 1954ರವರೆಗೆ ಸಾಲಾಗಿ ಐದು ವರ್ಷ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದರು. ಕಲ್ಕತ್ತೆಯ ದೊಡ್ಡ ಕ್ಲಬ್ಬುಗಳು ಮೆರೆಯುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ನಮ್ಮ ಮೈಸೂರು ರಾಜ್ಯದ ತಂಡವೂ ಆ ಕಾಲದಲ್ಲಿ ಬಲಶಾಲಿಯೇ. 1946ರಲ್ಲಿಯೂ 1952ರಲ್ಲಿಯೂ ಸಂತೋಷ್ ಟ್ರೋಫಿಯನ್ನು ಗೆದ್ದಿತ್ತು. 1956 ಮತ್ತು 1957ರಲ್ಲಿ ಅದೇ ಟ್ರೋಫಿ ಹೈದರಾಬಾದಿನ ಪಾಲಾಯಿತು.

ಈ ಗೆಲುವುಗಳ ಹಿಂದೆ ಇದ್ದದ್ದು ರಹೀಮರು ಏರ್ಪಡಿಸುತ್ತಿದ್ದ ವಿಚಿತ್ರ ಪಂದ್ಯಾಟಗಳು. ಅವುಗಳಲ್ಲಿ ಒಂದರ ನಿಯಮ, ಯಾರೂ ಚೆಂಡನ್ನು ಕಾಲಿನಲ್ಲಿ ಇಟ್ಟುಕೊಂಡು ಓಡಕೂಡದು ಎಂಬುದು. ಬಂದ ಚೆಂಡನ್ನು ಕೂಡಲೇ ಜೊತೆಗಾರನಿಗೆ ಕೊಡಬೇಕು. ಡ್ರಿಬಲ್ ಮಾಡಿದರೆ ತಪ್ಪು. ಇನ್ನೊಂದರಲ್ಲಿ ಪ್ರತಿಯೊಬ್ಬನೂ ತನಗೆ ಬಾರದ ಕಾಲಿನಿಂದಲೇ ಒದೆಯಬೇಕು. ಬಲಗಾಲಿನವನು ಎಡಗಾಲಿನಿಂದ, ಎಡಗಾಲಿನವನು ಬಲಗಾಲಿನಿಂದ. ನೋಡುವವರಿಗೆ ಇದು ಮಕ್ಕಳಾಟದಂತೆ ಕಂಡಿರಬೇಕು. ನಮ್ಮ ದೇಶದಲ್ಲಿ ಆಗ ನಾಲ್ಕು ಜನರನ್ನು ತಪ್ಪಿಸಿಕೊಂಡು ಹೋಗುವವನೇ ದೊಡ್ಡ ಆಟಗಾರ. ಜನ ಚಪ್ಪಾಳೆ ತಟ್ಟುತ್ತಿದ್ದುದೂ ಅವನಿಗೇ. ರಹೀಮರು ಆ ಚಪ್ಪಾಳೆಗೆ ಕಿವಿಗೊಡಲಿಲ್ಲ.

ಏಕೆಂದರೆ, ಒತ್ತಾಗಿ ನಿಂತ ರಕ್ಷಣೆಯ ಮುಂದೆ ಡ್ರಿಬಲ್ ಒಂದೇ ಸಾಲದು. ಒಬ್ಬನನ್ನು ತಪ್ಪಿಸಿದರೆ ಅವನ ಬೆನ್ನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ಅಷ್ಟರಲ್ಲಿ ಮೊದಲನೆಯವನೂ ಹಿಂತಿರುಗಿ ಬಂದು ನಿಂತಿರುತ್ತಾನೆ. ಮನುಷ್ಯ ಎಷ್ಟೇ ವೇಗವಾಗಿ ಓಡಿದರೂ ಚೆಂಡಿನಷ್ಟು ವೇಗವಾಗಿ ಓಡಲಾರ. ಚೆಂಡು ಬಲಬದಿಯಿಂದ ಎಡಬದಿಗೆ ಎರಡು ಮೂರು ಪಾಸುಗಳಲ್ಲಿ ಹೋದರೆ, ಆ ಗೋಡೆ ಇಡಿಯಾಗಿ ಅದರ ಹಿಂದೆ ಸರಿಯಬೇಕಾಗುತ್ತದೆ. ಎಲ್ಲರೂ ಒಂದೇ ವೇಗದಲ್ಲಿ ಸರಿಯುವುದು ಸಾಧ್ಯವಿಲ್ಲ. ಯಾರೋ ಒಬ್ಬ ಒಂದು ಹೆಜ್ಜೆ ತಡಮಾಡುತ್ತಾನೆ. ಆ ಒಂದು ಹೆಜ್ಜೆಯ ಸಂದೇ ಬಾಗಿಲು. ಆ ಸಂದು ಎರಡು ಮೂರು ಗಳಿಗೆಯಲ್ಲಿ ಮುಚ್ಚಿಹೋಗುತ್ತದೆ. ಅಷ್ಟರೊಳಗೆ ಚೆಂಡು ಅಲ್ಲಿಗೆ ಹೋಗಬೇಕು. ಬಂದ ಚೆಂಡನ್ನು ಮೊದಲು ನಿಲ್ಲಿಸಿ, ಅದನ್ನು ಒಳ್ಳೆಯ ಕಾಲಿಗೆ ಬದಲಿಸಿಕೊಂಡು, ಆಮೇಲೆ ತಲೆಯೆತ್ತಿ ನೋಡುವವನಿಗೆ ಅದು ಸಿಕ್ಕುವುದೇ ಇಲ್ಲ. ಎರಡು ಕಾಲೂ ಬಲ್ಲವನು, ಚೆಂಡು ಬರುವ ಮೊದಲೇ ಎಲ್ಲಿಗೆ ಕಳುಹಿಸಬೇಕೆಂದು ತಿಳಿದವನು ಬೇಕು. ಆ ಎರಡು ವಿಚಿತ್ರ ಪಂದ್ಯಾಟಗಳ ಉದ್ದೇಶ ಇದೇ.

ಹೀಗೆ ಆಡಿ ಬೆಳೆದವರಲ್ಲಿ ತುಳಸೀದಾಸ್ ಬಲರಾಮ್ ಒಬ್ಬರು. ಸಿಕಂದರಾಬಾದಿನ ಹತ್ತಿರದ ಹಳ್ಳಿಯ ಬಡ ಹುಡುಗ. ಹೈದರಾಬಾದಿಗೆ ಅಭ್ಯಾಸಕ್ಕೆ ಬರಬೇಕಾದರೆ ಹಲವು ಮೈಲಿ ದಾರಿ, ಬಸ್ಸಿಗೆ ಕಾಸಿಲ್ಲ. ರಹೀಮರು ಅವರಿಗೆ ಸೈಕಲ್ಲಿನ ಏರ್ಪಾಡು ಮಾಡಿಕೊಟ್ಟರು. ಆ ಸೈಕಲ್ಲಿನಲ್ಲಿ ಬಂದ ಹುಡುಗ ಮುಂದೆ ಎರಡು ಒಲಿಂಪಿಕ್ಸುಗಳಲ್ಲಿ ಭಾರತದ ಪರವಾಗಿ ಆಡಿದ.

ಭಾರತ ತಂಡದ ತರಬೇತಿಯ ಹೊಣೆ ರಹೀಮರಿಗೆ ಬಂದಾಗ ಸ್ವತಂತ್ರ ಭಾರತದ ಫುಟ್‌ಬಾಲ್ ಇನ್ನೂ ಬರಿಗಾಲಿನದು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಹೆಚ್ಚಿನವರು ಬೂಟಿಲ್ಲದೆ ಆಡಿ ಫ್ರಾನ್ಸಿಗೆ 2–1ರಿಂದ ಸೋತಿದ್ದರು. ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. 1951ರಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡೆಗಳು ನಡೆದಾಗ ರಹೀಮರ ತಂಡ ಅಂತಿಮ ಪಂದ್ಯದಲ್ಲಿ ಇರಾನನ್ನು 1–0ಯಿಂದ ಸೋಲಿಸಿ ಚಿನ್ನದ ಪದಕ ಪಡೆಯಿತು. ಗೋಲು ಮೇವಾಲಾಲರದು. ದೇಶವೆಲ್ಲಾ ಹಿಗ್ಗಿತು.

ಆ ಹಿಗ್ಗು ಹದಿನಾರು ತಿಂಗಳು ಉಳಿಯಿತು. 1952ರ ಜುಲೈನಲ್ಲಿ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯಾ ಭಾರತವನ್ನು 10–1ರಿಂದ ಬಡಿಯಿತು. ಆ ಒಂದು ಗೋಲನ್ನು ಹೊಡೆದವರೂ ಬೆಂಗಳೂರಿನವರೇ, ಅಹ್ಮದ್ ಖಾನ್. ಚೆಂಡನ್ನು ಕಾಲಿಗೆ ಅಂಟಿಸಿಕೊಂಡಂತೆ ಆಡುವುದರಲ್ಲಿ ಅವರಿಗೆ ಸರಿಸಾಟಿಯಿರಲಿಲ್ಲ. ಆದರೆ ಉತ್ತರ ದೇಶದ ತಣ್ಣನೆಯ ನೆಲ, ಬರಿಗಾಲು, ಹಳೆಯ ಕಾಲದ ವ್ಯೂಹ, ಇವುಗಳ ಮುಂದೆ ಒಬ್ಬನ ಚಮತ್ಕಾರ ಏನು ಮಾಡೀತು? ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಐವರು ಎಂಬ ಆ ವ್ಯೂಹವನ್ನು ಯೂರೋಪು ಬಿಟ್ಟು ಬಹಳ ವರ್ಷಗಳಾಗಿದ್ದವು. ಅಂಥ ಸೋಲಿನ ಮೇಲೆ ಎಷ್ಟೋ ಜನ ಹವಾಮಾನವನ್ನು ದೂರಿ ಸುಮ್ಮನಾಗುತ್ತಾರೆ. ರಹೀಮರು ಮರಳಿ ವಿದ್ಯಾರ್ಥಿಯಾದರು. ಆಟಗಾರರಿಗೆ ಬೂಟು ಬಂತು, ಹಿಂದೆ ಮೂರನೆಯ ಬ್ಯಾಕ್ ಬಂದ. ಹೊರದೇಶದವರು ಏನು ಮಾಡುತ್ತಿದ್ದಾರೆಂಬುದನ್ನು ಅವರು ಗಮನವಿಟ್ಟು ನೋಡತೊಡಗಿದರು.

ಆಗ ಎಲ್ಲರ ಕಣ್ಣು ಹಂಗೆರಿಯ ಮೇಲಿತ್ತು. 1953ರ ನವೆಂಬರ್ 25ರಂದು ಲಂಡನ್ನಿನ ವೆಂಬ್ಲಿಯಲ್ಲಿ ಹಂಗೆರಿಯವರು ಇಂಗ್ಲೆಂಡನ್ನು 6–3ರಿಂದ ಸೋಲಿಸಿದ್ದು ಫುಟ್‌ಬಾಲ್ ಚರಿತ್ರೆಯಲ್ಲೇ ದೊಡ್ಡ ಸುದ್ದಿ. ಹಿಡೆಗ್‌ಕುಟಿ ಎಂಬ ಅವರ ಸೆಂಟರ್ ಫಾರ್ವರ್ಡ್, ತನ್ನ ಜಾಗವಾದ ಗೋಲಿನ ಮುಂಭಾಗದಲ್ಲಿ ನಿಲ್ಲಲೇ ಇಲ್ಲ. ನಡುಗೆರೆಯ ಕಡೆಗೆ ಹಿಂದೆ ಸರಿದು ನಿಂತ. ಅವನನ್ನು ಕಾಯಬೇಕಾದ ಇಂಗ್ಲೆಂಡಿನ ಸೆಂಟರ್ ಹಾಫ್ ಇಕ್ಕಟ್ಟಿಗೆ ಸಿಕ್ಕಿದ. ಅವನನ್ನು ಹಿಂಬಾಲಿಸಿ ಮುಂದಕ್ಕೆ ಹೋದರೆ ಬೆನ್ನ ಹಿಂದೆ ಬಯಲು. ಹೋಗದೆ ನಿಂತರೆ ಅವನಿಗೆ ಚೆಂಡು ಸಿಕ್ಕಿ ಬೇಕಾದ ಹಾಗೆ ಆಡಿಸುತ್ತಾನೆ. ಆ ದಿನ ಹಿಡೆಗ್‌ಕುಟಿ ಹೊಡೆದದ್ದೇ ಮೂರು ಗೋಲು. ಒಟ್ಟಾಗಿ ನಿಂತವರ ಬಲ ಅವರವರ ಜಾಗದಲ್ಲಿದೆ. ಜಾಗ ಬಿಡಿಸಿದರೆ ಬಲ ಹೋಯಿತು. ಬಿಡಿಸಲು ನಾವು ನೂಕಬೇಕಾಗಿಲ್ಲ, ಕರೆದರೆ ಸಾಕು. ಮುಂಪಡೆಯ ಒಬ್ಬನನ್ನು ಹಿಂದಕ್ಕೆ ಸರಿಸಿ ಆಡಿಸುವ ಈ ಕ್ರಮವನ್ನು ರಹೀಮರು ಭಾರತದ ಆಟಗಾರರಿಗೂ ಕಲಿಸಿದರು.

ಅದರ ಫಲ 1956ರಲ್ಲಿ ಮೆಲ್ಬೋರ್ನಿನಲ್ಲಿ ಕಂಡಿತು. ಮೊದಲ ಸುತ್ತಿನಲ್ಲಿ ಎದುರಾಗಬೇಕಾಗಿದ್ದ ಹಂಗೆರಿ ಬರಲಿಲ್ಲ. ಮುಂದಿನ ಪಂದ್ಯದಲ್ಲಿ ಭಾರತ ಆಸ್ಟ್ರೇಲಿಯಾವನ್ನು ಅವರದೇ ನೆಲದಲ್ಲಿ 4–2ರಿಂದ ಸೋಲಿಸಿತು. ಮುಂಬಯಿಯ ನೆವಿಲ್ ಡಿಸೋಜ ಮೂರು ಗೋಲು ಹೊಡೆದರು. ಒಲಿಂಪಿಕ್ಸ್ ಫುಟ್‌ಬಾಲಿನ ಉಪಾಂತ್ಯವನ್ನು ಮುಟ್ಟಿದ ಏಷ್ಯದ ಮೊದಲ ದೇಶ ಭಾರತ. ಅಲ್ಲಿ ಮತ್ತೆ ಯುಗೊಸ್ಲಾವಿಯಾ! ಡಿಸೋಜ ಮೊದಲ ಗೋಲು ಹೊಡೆದಾಗ ನಮ್ಮವರು ಕೆಲವು ನಿಮಿಷ ಮುಂದಿದ್ದರು. ಆಮೇಲೆ ಬಲವಂತರಾದ ಯುಗೊಸ್ಲಾವಿಯದವರು 4–1ರಿಂದ ಗೆದ್ದರು. ಕಂಚಿನ ಪದಕದ ಪಂದ್ಯದಲ್ಲಿ ಬಲ್ಗೇರಿಯಾಕ್ಕೆ 3–0ಯಿಂದ ಸೋತು ನಾಲ್ಕನೆಯ ಸ್ಥಾನ ಬಂತು. ನಾಲ್ಕು ವರ್ಷಗಳ ಹಿಂದೆ ಹತ್ತು ಗೋಲು ತಿಂದವರು ಇವರೇ ಎಂಬುದನ್ನು ಮರೆಯಬಾರದು. ಈ ತಂಡದಲ್ಲಿ ಮೈಸೂರು ರಾಜ್ಯದ ಎಂ. ಕೆಂಪಯ್ಯನವರೂ ಇದ್ದರು. ನಡುಗಾವಲಿನಲ್ಲಿ ನಿಂತು, ಬಂದ ಚೆಂಡನ್ನು ಮುಂದಿನವರಿಗೆ ಹದವಾಗಿ ಒದಗಿಸುವ ಕೆಲಸ ಅವರದು. ಪತ್ರಿಕೆಗಳಲ್ಲಿ ಗೋಲು ಹೊಡೆದವರ ಹೆಸರು ಬರುತ್ತದೆ. ಗೋಲಿಗೆ ದಾರಿ ಮಾಡಿದ ಹಾಫ್‌ಬ್ಯಾಕಿನ ಹೆಸರು ಬರುವುದು ಕಡಿಮೆ.

1960ರ ರೋಮ್ ಒಲಿಂಪಿಕ್ಸಿನಲ್ಲಿ ಹಂಗೆರಿಗೆ 2–1, ಪೆರುವಿಗೆ 3–1ರಿಂದ ಸೋತು, ಫ್ರಾನ್ಸಿನೊಡನೆ 1–1ರಲ್ಲಿ ಸಮ ಮಾಡಿಕೊಂಡು ಹಿಂತಿರುಗಿದರು. ಆ ತಂಡದಲ್ಲಿ ರಹೀಮರ ಮಗ ಹಕೀಮ್ ಕೂಡ ಇದ್ದರು.

ಈಗ 1962ಕ್ಕೆ ಬರೋಣ. ಆ ವರ್ಷ ಏಷ್ಯನ್ ಕ್ರೀಡೆಗಳು ಇಂಡೊನೇಷ್ಯದ ಜಕಾರ್ತಾದಲ್ಲಿ ನಡೆದವು. ಇಂಡೊನೇಷ್ಯದವರು ಇಸ್ರೇಲಿಗೂ ತೈವಾನಿಗೂ ಪ್ರವೇಶ ಕೊಡಲಿಲ್ಲ. ಇದನ್ನು ಭಾರತದ ಕ್ರೀಡಾ ಮುಖಂಡರಾದ ಜಿ. ಡಿ. ಸೋಂಧಿಯವರು ಆಕ್ಷೇಪಿಸಿದ್ದರಿಂದ ಅಲ್ಲಿನ ಜನರಿಗೆ ಭಾರತದ ಮೇಲೆ ಸಿಟ್ಟು ಬಂದಿತ್ತು. ನಮ್ಮ ಆಟಗಾರರು ಬೀದಿಯಲ್ಲಿ ಧೈರ್ಯವಾಗಿ ಓಡಾಡುವ ಹಾಗಿರಲಿಲ್ಲ. ಇಂಥ ಸಮಯದಲ್ಲಿ ಮೊದಲ ಪಂದ್ಯವನ್ನೇ ದಕ್ಷಿಣ ಕೊರಿಯಾಕ್ಕೆ 2–0ಯಿಂದ ಸೋತರು.

ಎರಡನೆಯ ಪಂದ್ಯದಲ್ಲಿ ಥಾಯ್ಲೆಂಡನ್ನು 4–1ರಿಂದ ಸೋಲಿಸಿದರೂ ಒಂದು ದೊಡ್ಡ ನಷ್ಟವಾಯಿತು. ತಂಡದ ಬೆನ್ನೆಲುಬಾಗಿದ್ದ ಸ್ಟಾಪರ್ ಜರ್ನೈಲ್ ಸಿಂಗರಿಗೆ ತಲೆಗೆ ಪೆಟ್ಟು ಬಿದ್ದು ಹಲವು ಹೊಲಿಗೆ ಹಾಕಬೇಕಾಯಿತು. ಮರುದಿನ ಜಪಾನಿನ ವಿರುದ್ಧ ಅವರು ಆಡಲಿಲ್ಲ. ಭಾರತ 2–0ಯಿಂದ ಗೆದ್ದಿತು. ಅರುಣ್ ಘೋಷರು ಹಿಂಗಾವಲಿನ ನಡುವೆ ಚೆನ್ನಾಗಿ ನಿಂತರು. ಈಗ ರಹೀಮರ ಮುಂದೆ ಒಂದು ಪ್ರಶ್ನೆ. ಜರ್ನೈಲರನ್ನು ಕೈಬಿಡುವ ಹಾಗಿಲ್ಲ. ಆದರೆ ಹೊಲಿಗೆ ಹಾಕಿದ ತಲೆಯಿಂದ ಅವರು ಸ್ಟಾಪರಿನ ಜಾಗದಲ್ಲಿ ನಿಂತು, ಮೇಲಿಂದ ಬರುವ ಪ್ರತಿ ಚೆಂಡಿಗೂ ತಲೆಯೊಡ್ಡುವುದು ಹೇಗೆ?

ರಹೀಮರು ಅವರನ್ನು ಸೆಂಟರ್ ಫಾರ್ವರ್ಡ್ ಮಾಡಿ ಆಡಿಸಿದರು!

ಕೇಳಿದವರಿಗೆ ಇದು ಹುಚ್ಚು ಸಾಹಸವೆಂದು ತೋರಬಹುದು. ಕೋಟೆಯ ಬಾಗಿಲು ಕಾಯುವವನನ್ನು ಕರೆದು ಕೋಟೆ ಮುರಿಯಲು ಕಳುಹಿಸಿದ ಹಾಗೆ. ಆದರೆ ಲೆಕ್ಕ ಹಾಕಿಯೇ ಮಾಡಿದ ಕೆಲಸ ಅದು. ಜರ್ನೈಲರು ಕಾಲೇಜಿನ ದಿನಗಳಲ್ಲಿ ಮುಂಪಡೆಯಲ್ಲಿ ಆಡಿದ್ದವರು. ಎಷ್ಟೋ ವರ್ಷ ಸ್ಟಾಪರಾಗಿದ್ದವರಿಗೆ, ಸ್ಟಾಪರನ್ನು ಯಾವುದು ಕಾಡುತ್ತದೆಂಬುದು ಬೇರೆಯವರಿಗಿಂತ ಚೆನ್ನಾಗಿ ಗೊತ್ತು. ಉಪಾಂತ್ಯದಲ್ಲಿ ದಕ್ಷಿಣ ವಿಯೆಟ್ನಾಮನ್ನು 3–2ರಿಂದ ಸೋಲಿಸಿದಾಗ ಒಂದು ಗೋಲು ಜರ್ನೈಲರದೇ. ಉಳಿದೆರಡು ನಾಯಕ ಚುನಿ ಗೋಸ್ವಾಮಿಯವರದು.

ಸೆಪ್ಟೆಂಬರ್ 4ರಂದು ಸೆನಾಯನ್ ಕ್ರೀಡಾಂಗಣದಲ್ಲಿ ಅಂತಿಮ ಪಂದ್ಯ. ಎದುರಾಳಿ ಮತ್ತೆ ದಕ್ಷಿಣ ಕೊರಿಯಾ. ಸುಮಾರು ಒಂದು ಲಕ್ಷ ಪ್ರೇಕ್ಷಕರು, ಹೆಚ್ಚುಕಡಿಮೆ ಎಲ್ಲರೂ ಭಾರತಕ್ಕೆ ವಿರೋಧಿಗಳು. ನಮ್ಮ ರಾಷ್ಟ್ರಗೀತೆಯ ಸಮಯದಲ್ಲೂ ಕೂಗಾಟ ನಿಲ್ಲಲಿಲ್ಲ. ಅಲ್ಲಿ ಭಾರತದವರ ಪರವಾಗಿ ಕೂಗಿದವರು ಪಾಕಿಸ್ತಾನದ ಹಾಕಿ ಆಟಗಾರರು! ಆಟದ ಬಯಲಿನಲ್ಲಿ ಇಂಥವೂ ನಡೆಯುತ್ತವೆ. ಜ್ವರದಿಂದ ಕೆಲವು ಪಂದ್ಯಗಳನ್ನು ಬಿಟ್ಟಿದ್ದ ಪೀಟರ್ ತಂಗರಾಜರು ಈ ಪಂದ್ಯಕ್ಕೆ ಗೋಲಿಗೆ ಬಂದು ನಿಂತರು. ನೀಲಗಿರಿಯ ವೆಲಿಂಗ್ಟನ್ನಿನಲ್ಲಿರುವ ಮದ್ರಾಸ್ ರೆಜಿಮೆಂಟಲ್ ಸೆಂಟರಿನ ತಂಡದಲ್ಲಿ ಆಡಿ ಹೆಸರಾದವರು ಅವರು. ನಮ್ಮ ತಮಿಳುನಾಡಿನಲ್ಲೇ ಪಳಗಿದ ಕೈಗಳು.

ಮೊದಲ ಪಂದ್ಯದಲ್ಲಿ ಕೊರಿಯದವರು ನಮ್ಮ ಮುಂಪಡೆಯನ್ನು ಒಂದು ಗೋಲೂ ಹೊಡೆಯಗೊಡದೆ ಕಟ್ಟಿಹಾಕಿದ್ದರು. ಯಾರನ್ನು ಎಲ್ಲಿ ತಡೆಯಬೇಕೆಂಬುದು ಅವರಿಗೆ ಬಾಯಿಪಾಠವಾಗಿತ್ತು. ಈಗ ಅವರ ಗೋಲಿನ ಮುಂದೆ ತಲೆಗೆ ಪಟ್ಟಿ ಕಟ್ಟಿಕೊಂಡ, ದೊಡ್ಡ ಮೈಕಟ್ಟಿನ, ಅವರ ಪಾಠದಲ್ಲಿ ಇಲ್ಲದ ಒಬ್ಬ ಮನುಷ್ಯ ಬಂದು ನಿಂತ. ಅವನನ್ನು ನೋಡಿಕೊಳ್ಳಲು ಹೋದವರು ಮಿಕ್ಕವರನ್ನು ಸಡಿಲ ಬಿಡಬೇಕಾಯಿತು. ಬಲ ಅಂಚಿನಲ್ಲಿ ಪಿ. ಕೆ. ಬ್ಯಾನರ್ಜಿ, ಒಳಗಡೆ ಚುನಿ ಗೋಸ್ವಾಮಿ ಮತ್ತು ಬಲರಾಮ್. ಸಡಿಲ ಬಿಡಬಹುದಾದ ಆಟಗಾರರೇ ಇವರು? 17ನೆಯ ನಿಮಿಷದಲ್ಲಿ ಬ್ಯಾನರ್ಜಿ ಗೋಲು ಹೊಡೆದರು. 20ನೆಯ ನಿಮಿಷದಲ್ಲಿ ಒಂದು ಫ್ರೀ ಕಿಕ್ಕಿನಿಂದ ಬಂದ ಚೆಂಡನ್ನು ಜರ್ನೈಲರು ಗೋಲಿಗೆ ಅಟ್ಟಿದರು. ಮೂರು ನಿಮಿಷದಲ್ಲಿ ಎರಡು ಗೋಲು! ಆ ಮೇಲೆ ಕೊರಿಯದವರು ಮೇಲೇರಿ ಬಂದರು. ಒತ್ತಾಗಿ ನಿಂತು ತಡೆಯುವ ಸರದಿ ನಮ್ಮವರದಾಯಿತು. 85ನೆಯ ನಿಮಿಷದಲ್ಲಿ ಒಂದು ಗೋಲು ಬಿಟ್ಟುಕೊಟ್ಟರೂ 2–1ರಿಂದ ಚಿನ್ನ ಭಾರತದ್ದಾಯಿತು. ಆ ಪದಕ ಪಡೆದ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಅವರೂ ಇದ್ದರು.

ಐದು ವರ್ಷಗಳ ಮೇಲೆ ಯೂರೋಪಿನಲ್ಲಿ ಇದಕ್ಕೆ ಹತ್ತಿರದ ಒಂದು ಸಂಗತಿ ನಡೆಯಿತು. ಮಿಲಾನಿನ ಇಂಟರ್ ತಂಡದವರು ಬಾಗಿಲಿಗೆ ಅಗುಳಿ ಹಾಕಿದಂತೆ ರಕ್ಷಣೆ ಕಟ್ಟುವುದಕ್ಕೆ ಲೋಕಪ್ರಸಿದ್ಧರು. 1967ರ ಮೇ 25ರಂದು ಲಿಸ್ಬನ್ನಿನಲ್ಲಿ ಯೂರೋಪಿಯನ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಆರಂಭದಲ್ಲೇ ಪೆನಾಲ್ಟಿಯಿಂದ ಒಂದು ಗೋಲು ಹೊಡೆದು ಅವರು ಅಗುಳಿ ಜಡಿದುಕೊಂಡರು. ಸ್ಕಾಟ್ಲೆಂಡಿನ ಸೆಲ್ಟಿಕ್ ತಂಡದವರು ಒಂದು ಗಂಟೆ ಕಾಲ ಬಡಿದರೂ ತೆರೆಯಲಿಲ್ಲ. ಕೊನೆಗೆ ಬಾಗಿಲು ತೆರೆದವರು ಇಬ್ಬರು ಬ್ಯಾಕುಗಳು. ಬಲಗಡೆಯ ಕ್ರೇಗ್ ಮುಂದೆ ನುಗ್ಗಿ ಚೆಂಡನ್ನು ಹಿಂದಕ್ಕೆ ತಳ್ಳಿದ. ಎಡಗಡೆಯ ಜೆಮ್ಮೆಲ್ ಓಡಿಬಂದು ದೂರದಿಂದಲೇ ಬಾರಿಸಿದ. ಮುಂಪಡೆಯವರನ್ನು ಎಣಿಸಿ ಎಣಿಸಿ ಕಾಯುತ್ತಿದ್ದವರು ಹಿಂದಿನಿಂದ ಬರುವವರನ್ನು ಎಣಿಸಿರಲಿಲ್ಲ. ಸೆಲ್ಟಿಕ್ 2–1ರಿಂದ ಗೆದ್ದಿತು. ಗೋಲಿನ ಮುಂದಕ್ಕೆ ಎತ್ತರದ ಚೆಂಡು ಹಾಕಿದರೆ ಗೋಲಿಗೆ ಬೆನ್ನು ಮಾಡಿ ನಿಂತವರಿಗೆ ಅದನ್ನು ತಲೆಯಿಂದ ಹೊರಗೆ ಹಾಕುವುದು ಸುಲಭ. ಅಂಚಿನವರೆಗೆ ಹೋಗಿ ಚೆಂಡನ್ನು ನೆಲದ ಮೇಲೆ ಹಿಂದಕ್ಕೆ ಕೊಟ್ಟರೆ, ಗೋಲಿನ ಕಡೆಗೆ ಓಡಿಹೋಗುತ್ತಿರುವ ರಕ್ಷಕರು ತಟ್ಟನೆ ತಿರುಗಲಾರರು. ನಮ್ಮ ಹುಡುಗರು ಇದೊಂದನ್ನು ಕಲಿತಿದ್ದರೂ ಹೋದ ವರ್ಷದ ಫಲ ಬೇರೆಯಾಗುತ್ತಿತ್ತೇನೋ!

ಬ್ಯಾಕುಗಳು ಮುಂದೆ ಹೋಗಬೇಕಾದರೆ ಅವರ ಜಾಗದಲ್ಲಿ ಒಬ್ಬಿಬ್ಬರು ಹಿಂದೆ ನಿಲ್ಲಲೇಬೇಕು ಎಂಬುದನ್ನೂ ಸೇರಿಸುತ್ತೇನೆ. ಜರ್ನೈಲರು ಮುಂದೆ ಹೋದಾಗ ಅರುಣ್ ಘೋಷರು ಹಿಂದಿದ್ದರು. ನಮ್ಮವರು ಹೋದಾಗ ಯಾರೂ ಇರಲಿಲ್ಲ. ತಪ್ಪು ನುಗ್ಗಿದ ಹುಡುಗರದಲ್ಲ, ಹೇಳಿಕೊಡದ ನನ್ನಂಥವರದು.

ಜಕಾರ್ತಾದ ಗೆಲುವಿನ ಸಂತೋಷವನ್ನು ರಹೀಮರು ಬಹಳ ದಿನ ಅನುಭವಿಸಲಿಲ್ಲ. ಅವರಿಗೆ ಸಿಗರೇಟಿನ ಅಭ್ಯಾಸ ಬಲವಾಗಿತ್ತು. ಶ್ವಾಸಕೋಶದ ಕ್ಯಾನ್ಸರ್ ಅವರನ್ನು ಹಾಸಿಗೆಗೆ ಕೆಡವಿತು. 1963ರ ಜೂನ್ 11ರಂದು, ಆ ಚಿನ್ನದ ಪದಕಕ್ಕೆ ಒಂದು ವರ್ಷವೂ ತುಂಬುವ ಮೊದಲೇ ತೀರಿಕೊಂಡರು. ಆಗ ಅವರಿಗೆ 53 ವರ್ಷ. ತರಬೇತುದಾರರಿಗೆ ಕೊಡುವ ದ್ರೋಣಾಚಾರ್ಯ ಪ್ರಶಸ್ತಿ ಆರಂಭವಾದದ್ದು 1985ರಲ್ಲಿ. ಅಷ್ಟು ಹೊತ್ತಿಗೆ ಅವರು ಹೋಗಿ 22 ವರ್ಷಗಳಾಗಿದ್ದವು. ಅವರ ಗರಡಿಯಲ್ಲಿ ಪಳಗಿದ ಪಿ. ಕೆ. ಬ್ಯಾನರ್ಜಿಯವರು ತಾವೇ ದೊಡ್ಡ ತರಬೇತುದಾರರಾದರು. ಮಗ ಹಕೀಮರೂ ಅದೇ ದಾರಿ ಹಿಡಿದು 2021ರಲ್ಲಿ ತೀರಿಕೊಂಡರು. 1970ರಲ್ಲಿ ಬ್ಯಾಂಕಾಕಿನಲ್ಲಿ ಭಾರತಕ್ಕೆ ಏಷ್ಯನ್ ಕ್ರೀಡೆಗಳ ಕಂಚು ಬಂತು. ಫುಟ್‌ಬಾಲಿನ ಚಿನ್ನ ಮಾತ್ರ ರಹೀಮರ ಮೇಲೆ ಮತ್ತೆ ಬರಲಿಲ್ಲ. 2024ರಲ್ಲಿ ಅವರ ಬಾಳನ್ನು ಕುರಿತು ಮೈದಾನ್ ಎಂಬ ಹಿಂದಿ ಚಲನಚಿತ್ರ ಬಂದಿತು. ಸಿನಿಮಾದಲ್ಲಿ ಕಥೆಗಾಗಿ ಸೇರಿಸುವುದು ಬಿಡುವುದು ಇದ್ದೇ ಇರುತ್ತದೆ. ಆದರೂ ಅರುವತ್ತು ವರ್ಷ ಮರೆತಿದ್ದ ಹೆಸರನ್ನು ಅದು ಮನೆಮನೆಗೆ ಮುಟ್ಟಿಸಿತು.

ಈ ವರ್ಷ ಜೂನ್ ತಿಂಗಳಿಂದ ಶನಿವಾರದ ಆಟದ ಪೀರಿಯಡ್ಡಿನಲ್ಲಿ ನಾವೂ ಡ್ರಿಬಲ್ ಇಲ್ಲದ ಪಂದ್ಯವನ್ನು ಆಡುತ್ತಿದ್ದೇವೆ. ಮೊದಲ ಎರಡು ವಾರ ಹುಡುಗರು ಗೊಣಗಿದರು. ತಿಂಗಳಿಗೊಮ್ಮೆ ಬಾರದ ಕಾಲಿನ ಪಂದ್ಯ. ಆ ದಿನ ಚೆಂಡು ಗೋಲಿಗೆ ಹೋಗುವುದಕ್ಕಿಂತ ಪಕ್ಕದ ರಾಗಿ ಹೊಲಕ್ಕೆ ಹೋಗುವುದೇ ಹೆಚ್ಚು. ಹೊಲದ ಯಜಮಾನರು ಎರಡು ಸಲ ಬಂದು ಗದರಿಹೋದರು. ಮೂರನೆಯ ಸಲ ಬಂದವರು ಬದುವಿನ ಮೇಲೆ ಕುಳಿತು ಆಟ ಮುಗಿಯುವವರೆಗೆ ನೋಡಿದರು. ಬಸ್ಸಿನಲ್ಲಿ ಪ್ರಶ್ನೆ ಕೇಳಿದ ಹುಡುಗ ಈಗ ಶಾಲೆ ಬಿಟ್ಟು ಹೋಗಿದ್ದಾನೆ. ಶನಿವಾರ ಮಾತ್ರ ಎಡಗಾಲಿನಿಂದ ಒದೆಯಲು ತಪ್ಪದೆ ಬರುತ್ತಾನೆ.